ಚಿಕಿತ್ಸೆಯ ಮೂರನೆಯ ಪಾದ

ಮಿಷನ್ ಆಸ್ಪತ್ರೆಯ ಮಾತು ಬಂದಿತೆಂದರೆ ಐನಾಪುರ, ಚಿಂಚೋಳಿ, ಸೇಡಂಗಳ ಕಡೆಯ ಓದುಬರಹ ಬಲ್ಲ ಮನೆಗಳಲ್ಲಿ ಒಂದು ತೀರ್ಪು ಸಿದ್ಧವಾಗಿಯೇ ಇರುವುದು: ಅವರ ಔಷಧವು ಒಳ್ಳೆಯದು, ಪ್ರಾರ್ಥನೆ ಮಾತ್ರ ಗಾಳಕ್ಕೆ ಸಿಕ್ಕಿಸಿದ ಎರೆಹುಳು. ಬೀದರಿನಲ್ಲಿಯೂ ಯಾದಗಿರಿಯಲ್ಲಿಯೂ ಅಮೆರಿಕದ ಮೆಥೊಡಿಸ್ಟ್ ಮಿಷನ್ನಿನವರು ನಡೆಸಿದ ಆಸ್ಪತ್ರೆಗಳಿಗೆ ನಿಜಾಮರ ಕಾಲದಲ್ಲಿ ಬಂಡಿ ಕಟ್ಟಿಕೊಂಡು ಹೋಗಿ ಬದುಕಿ ಬಂದವರ ಮೊಮ್ಮಕ್ಕಳೂ ಇದನ್ನೇ ಹೇಳುತ್ತಾರೆ. ಕಿಟ್ಟೆಲರ ನಿಘಂಟನ್ನು ಪೂಜ್ಯಭಾವದಿಂದ ಪೆಟ್ಟಿಗೆಯಲ್ಲಿಟ್ಟುಕೊಂಡವರೂ ಹೇಳುತ್ತಾರೆ. ಆ ನಿಘಂಟುಕಾರನೂ ಬೋಧನೆಗೆಂದೇ ಬಂದವನೆಂಬುದು ಅವರಿಗೆ ಆಗ ನೆನಪಾಗುವುದಿಲ್ಲ.

ಈ ತೀರ್ಪಿನಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಹೊರರೋಗಿಗಳ ಪಡಸಾಲೆಯಲ್ಲಿ ಸರದಿ ಕಾಯುತ್ತ ಕುಳಿತವರ ಮುಂದೆ ಉಪದೇಶಿಯು ಸುವಾರ್ತೆಯನ್ನು ಓದಿ ಬೋಧಿಸುವ ಪದ್ಧತಿಯು ಹಿಂದೆ ಮಿಷನ್ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿದ್ದಿತು. ಜ್ವರದಿಂದ ನಡುಗುತ್ತಿರುವವನಿಗೆ ಎದ್ದು ಹೋಗುವ ಸ್ವಾತಂತ್ರ್ಯವೆಲ್ಲಿಯದು? ಅದು ಪ್ರಾರ್ಥನೆಯಲ್ಲ, ಸುಂಕ. ವೈದ್ಯಸೇವೆಯನ್ನು ಮತಾಂತರಕ್ಕೆ ನೇರವಾದ ಸಾಧನವಾಗಿ ಬಳಸುವುದನ್ನು ಕಾನೂನಿನಿಂದ ನಿಷೇಧಿಸಬೇಕೆಂದು ಮಧ್ಯಪ್ರದೇಶದ ನಿಯೋಗಿ ಸಮಿತಿಯು 1956ರಲ್ಲಿ ಹೇಳಿತು. ಆ ವರದಿಯ ಉಳಿದ ಮಾತುಗಳು ಹೇಗಾದರೂ ಇರಲಿ, ಅಸಹಾಯನ ಮುಂದೆ ಬೋಧಿಸಬಾರದೆಂಬ ಅಷ್ಟನ್ನು ಒಪ್ಪದಿರಲು ಕಾರಣವಿಲ್ಲ.

ಆದರೆ ಆ ಆವರಣದೊಳಗೆ ಇನ್ನೊಂದು ಪ್ರಾರ್ಥನೆಯಿದ್ದಿತು. ಅದನ್ನು ಟೀಕಾಕಾರರು ನೋಡಲೇ ಇಲ್ಲ. ಬೆಳಗಿನ ಗಂಟೆಯಾಗುತ್ತಲೆ ವೈದ್ಯರು, ದಾದಿಯರು, ಔಷಧ ಕಲಸುವವರು, ಕಸ ಗುಡಿಸುವವರು ಒಂದೆಡೆ ಕೂಡಿ ಕನ್ನಡದಲ್ಲಿಯೇ ಒಂದು ಕೀರ್ತನೆ ಹಾಡಿ, ಮೌನವಾಗಿ ತಲೆಬಾಗಿ, ಅನಂತರ ಮಲಪಾತ್ರೆಗಳ ಕಡೆಗೆ ನಡೆಯುವುದು. ಶಸ್ತ್ರವನ್ನು ಕೈಗೆತ್ತಿಕೊಳ್ಳುವ ಮುನ್ನ ವೈದ್ಯನು ಒಂದು ಕ್ಷಣ ಕಣ್ಣು ಮುಚ್ಚುವುದು. ದೀಪ ಸಣ್ಣದು ಮಾಡುವ ಹೊತ್ತಿಗೆ ಮತ್ತೊಂದು ಕೀರ್ತನೆ. ಇದು ರೋಗಿಯನ್ನು ಕಟ್ಟುವ ಪ್ರಾರ್ಥನೆಯಲ್ಲ, ಸೇವೆ ಮಾಡುವವರನ್ನು ಕಟ್ಟುವುದು. ನಿತ್ಯಕರ್ಮವೆಂಬುದನ್ನು ಬಲ್ಲ ಮನೆಗಳಿಗೆ ಇದರ ಅರ್ಥವಾಗದಿರುವುದೇ ಆಶ್ಚರ್ಯ. ಸಂಧ್ಯಾವಂದನೆಯು ಮಾಡುವವನನ್ನು ದಿನದಿನವೂ ಕಟ್ಟುವಂತೆಯೇ ಇದೂ ಕಟ್ಟಿತು. ಭೇದವಿಷ್ಟೆ, ಇದು ಮುಗಿದ ಮೇಲೆ ಎದ್ದವರು ಹುಣ್ಣನ್ನು ತೊಳೆದರು.

ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಉಪಸ್ಥಾತೃ, ರೋಗಿ. ಉಪಸ್ಥಾತೃವೆಂದರೆ ಹಾಸಿಗೆಯ ಬಳಿ ನಿಂತು ಶುಶ್ರೂಷೆ ಮಾಡುವವನು. ಉಪಚಾರಜ್ಞಾನ, ದಕ್ಷತೆ, ಅನುರಾಗ, ಶೌಚ ಇವು ಅವನ ಗುಣಗಳು. ಇಂತಹ ಮಾತನ್ನು ಬರೆದಿಟ್ಟ ನಾಡಿನಲ್ಲಿ ಈ ಮೂರನೆಯ ಪಾದವು ಎಲ್ಲಿ ಕುಂಟಾಯಿತು? ಉತ್ತರಕ್ಕೆ ಬಹುದೂರ ಹೋಗಬೇಕಾಗಿಲ್ಲ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ಚಿಕಿತ್ಸಕನ ಅನ್ನವನ್ನು ಕೀವಿಗೆ ಸಮಾನವೆಂದು ನಿಷೇಧಿಸುತ್ತದೆ. ವೈದ್ಯನ ಗತಿಯೇ ಹೀಗಾದ ಮೇಲೆ ಅವನ ಕೈಕೆಳಗೆ ರಕ್ತ ಕೀವುಗಳನ್ನು ಒರೆಸುವವರ ಗತಿಯೇನು! ಕಲಬುರಗಿಯ ಶರಣಬಸವೇಶ್ವರರ ದಾಸೋಹದಂತಹ ಪರಂಪರೆಗಳಲ್ಲಿ ಹಸಿದವನಿಗೆ ಉಣಿಸುವ ಕೈ ಎಂದೂ ಬತ್ತಲಿಲ್ಲ. ಪರರ ಮೈಯನ್ನು ತೊಳೆಯುವ ಕೈ ಮಾತ್ರ ಮರ್ಯಾದಸ್ಥರ ಮನೆಗಳಿಂದ ಬರಲಿಲ್ಲ.

ಬಂದದ್ದು ಬೇರೆಡೆಯಿಂದ. ಬೀದರ ಸೀಮೆಯಲ್ಲಿ ಮಿಷನ್ನನ್ನು ಸೇರಿದವರಲ್ಲಿ ಬಹುಮಂದಿ ಊರ ಹೊರಗಿನ ಕೇರಿಯವರು. ಅಂಥವರ ಹೆಣ್ಣುಮಕ್ಕಳು ದಾದಿಯರಾಗಿ ನಿಂತರು. ಬಾವಿಯ ಬಳಿಗೆ ಯಾರನ್ನು ಬರಗೊಡುತ್ತಿರಲಿಲ್ಲವೋ ಅವರ ಕೈಯಿಂದ ನೀರು ಕುಡಿದು ಚೇತರಿಸಿಕೊಂಡವರು ಊರಿಗೆ ಮರಳಿ ಪ್ರಾಯಶ್ಚಿತ್ತದ ವಿಚಾರ ಮಾಡಿದರೇ ಹೊರತು, ಆ ಕೈಗೆ ಆ ಧೈರ್ಯವನ್ನು ಕೊಟ್ಟುದೇನೆಂದು ವಿಚಾರಿಸಲಿಲ್ಲ. ಜರ್ಮನಿಯಿಂದ ಬಂದ ಜೆಸುಯಿಟ್ ಸನ್ಯಾಸಿ ಅಗಸ್ಟಸ್ ಮುಲ್ಲರರು ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಹೋಮಿಯೋಪಥಿ ಔಷಧಾಲಯವನ್ನೂ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನೂ ತೆರೆದರು. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆಯು 1886ರಿಂದಲೂ, ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯು 1906ರಿಂದಲೂ ನಡೆದುಬಂದಿವೆ. ಇಷ್ಟು ವರ್ಷ ಗಾಳ ಹಾಕಿಯೂ ಆ ಊರುಗಳ ರೋಗಿಗಳಲ್ಲಿ ಬಹುಸಂಖ್ಯೆಯವರು ತಂತಮ್ಮ ಮತದಲ್ಲಿಯೇ ಮನೆಗೆ ಹೋದರೆಂಬುದನ್ನು ಟೀಕಾಕಾರರು ಲೆಕ್ಕಕ್ಕೆ ತೆಗೆದುಕೊಳ್ಳಬಾರದೆ?

ಮಡಿಯ ಭೂತವು ಹಿಂದೂ ಮನೆಗಳನ್ನೇ ಹಿಡಿದುದೆಂದು ಭಾವಿಸಬೇಕಾಗಿಲ್ಲ. ರೋಮಿನ ಸಭೆಯ ನಿಯಮವೂ ಸನ್ಯಾಸಿನಿಯರನ್ನು ಬಹುಕಾಲ ಪ್ರಸೂತಿಕಾರ್ಯದಿಂದ ದೂರವಿಟ್ಟಿದ್ದಿತು. ಆಸ್ಟ್ರಿಯಾದ ವೈದ್ಯೆ ಅನ್ನಾ ಡೆಂಗೆಲ್ 1925ರಲ್ಲಿ ವೈದ್ಯಸೇವೆಗಾಗಿಯೇ ಸ್ತ್ರೀಯರ ಸಂಘವೊಂದನ್ನು ಕಟ್ಟಿದಾಗಲೂ ಆ ಅಡ್ಡಿಯು ಇದ್ದಿತು. ರೋಮು ಅದನ್ನು ತೆಗೆದುದು 1936ರಲ್ಲಿ. ಬಾಣಂತಿಯರು ಸಾಯುತ್ತಿದ್ದಾರೆಂದು ಅಲ್ಲಿಯ ಧರ್ಮಾಧಿಕಾರಿಗಳು ವಿಧಿಯನ್ನು ಸಡಿಲಿಸಿದರು. ಇಲ್ಲಿಯ ಪೀಠಗಳು ಅಂತಹ ಒಂದು ಮಾತನ್ನು ಗಟ್ಟಿಯಾಗಿ ಹೇಳಿದುದು ಯಾವಾಗ?

ಈಗ ಸರ್ಕಾರವೇ ದಾದಿಯರನ್ನು ತರಬೇತು ಮಾಡುತ್ತದೆ, ಮಠಗಳೂ ವೈದ್ಯಕೀಯ ಕಾಲೇಜುಗಳನ್ನು ಕಟ್ಟಿವೆ, ಇನ್ನು ಪ್ರಾರ್ಥನೆಯ ಗೊಡವೆಯೇಕೆ ಎನ್ನುವವರುಂಟು. ತರಬೇತಿಯು ಜ್ಞಾನವನ್ನೂ ದಕ್ಷತೆಯನ್ನೂ ಕೊಟ್ಟೀತು, ಶೌಚವನ್ನೂ ಕಲಿಸೀತು. ಚರಕನು ಹೇಳಿದ ಅನುರಾಗವನ್ನು ಯಾವ ಪರೀಕ್ಷಾ ಮಂಡಳಿಯು ಕೊಡುವುದು? ಅದಕ್ಕೆ ಕ್ರೈಸ್ತ ಕೀರ್ತನೆಯೇ ಬೇಕೆಂದು ಯಾರೂ ಹೇಳುತ್ತಿಲ್ಲ. ಮಗಳು ವೈದ್ಯಳಾಗಲೆಂದು ಹೊಲ ಮಾರುವ ಮನೆಯೇ ದಾದಿಯೊಬ್ಬಳನ್ನು ಸೊಸೆಯಾಗಿ ತರಲು ಹಿಂಜರಿಯುವುದಾದರೆ, ಕೊರತೆಯಿರುವುದು ಆಸ್ಪತ್ರೆಯಲ್ಲಿ ಅಲ್ಲ.

ಚಿಂಚೋಳಿ, ಸೇಡಂ, ಚಿತ್ತಾಪುರಗಳ ಭಜನಾ ಮಂಡಳಿಗಳಿಗೆ ಒಂದು ಕೆಲಸವಿದೆ. ವಾರಕ್ಕೊಂದು ರಾತ್ರಿ, ಭಜನೆ ಮುಗಿದ ಬಳಿಕ, ಸರ್ಕಾರಿ ಆಸ್ಪತ್ರೆಯ ವೈದ್ಯರ ಅನುಮತಿ ಪಡೆದು, ದಿಕ್ಕಿಲ್ಲದ ರೋಗಿಯ ಬಳಿ ಇಬ್ಬಿಬ್ಬರಂತೆ ಕುಳಿತು ನೀರು ಕೊಡಲಿ, ಮಗ್ಗುಲು ಬದಲಿಸಲಿ, ಹಾಸಿಗೆ ಒದ್ದೆಯಾದರೆ ಒಗೆಯಲಿ. ಹಾಡನ್ನು ಮಂದಿರದಲ್ಲಿಯೇ ಮುಗಿಸಿ ಬರಲಿ.