ಕಣ್ಣೀರಿನ ಪ್ರಬಂಧ ಬೇಡ, ಕೆಂಪು ಶಾಯಿಯ ಪ್ರಬಂಧ ಕೇಳಿ

ಆಗಸ್ಟ್ 1ಕ್ಕೆ ಅಮೆರಿಕದ ‘ಕಾಮನ್ ಆ್ಯಪ್’ ಬಾಗಿಲು ತೆರೆಯಿತೆಂದರೆ ಬೆಂಗಳೂರಿನ ಕೆಲವು ಮನೆಗಳಲ್ಲಿ ಜನವರಿಯವರೆಗೆ ಒಂದೇ ಮಾತು: ‘ಎಸ್ಸೆ ಆಯ್ತಾ?’ ಹನ್ನೆರಡನೇ ತರಗತಿಯ ಮಗು ತಾನು ಯಾರೆಂಬುದನ್ನು 650 ಪದ ಮೀರದಂತೆ ಬರೆದು, ಸಾವಿರಕ್ಕೂ ಹೆಚ್ಚು ಕಾಲೇಜುಗಳು ಸೇರಿಕೊಂಡಿರುವ ಆ ವ್ಯವಸ್ಥೆಗೆ ಒಪ್ಪಿಸಬೇಕು. ಅದು ಸಾಲದೆಂದು ಅನೇಕ ಕಾಲೇಜುಗಳು ತಮ್ಮದೇ ಕಿರುಪ್ರಶ್ನೆಗಳನ್ನೂ ಕೇಳುತ್ತವೆ. ಹತ್ತಾರು ಕಡೆ ಅರ್ಜಿ ಹಾಕುವ ಹುಡುಗಿ ಅರ್ಧ ವರ್ಷದಲ್ಲಿ ಒಂದು ಸಣ್ಣ ಆತ್ಮಕಥೆಯನ್ನೇ ಮುಗಿಸಿರುತ್ತಾಳೆ. ಬರೆದವರು ಯಾರು ಅನ್ನುವುದಷ್ಟೇ ತಕರಾರು.

ಒಳ್ಳೆಯ ಪ್ರಬಂಧ ಬರೆಯುವುದು ಹೇಗೆಂದು ಕಲಿಸಿಕೊಡುವ ಲೇಖನಗಳು ಬೇಕಾದಷ್ಟು ಬಂದಿವೆ. ಇದು ಆ ಸಾಲಿನದಲ್ಲ. ಈ ವೈಯಕ್ತಿಕ ಪ್ರಬಂಧವನ್ನು ಪ್ರವೇಶದ ಅಳತೆಗೋಲಾಗಿ ಬಳಸುವುದನ್ನೇ ನಿಲ್ಲಿಸಬೇಕು ಎನ್ನುವುದು ನನ್ನ ವಾದ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು. ‘ಅಂಕಲ್, ಒಂದ್ಸಲ ಗ್ರಾಮರ್ ನೋಡಿ’ ಎಂದು ಅಕ್ಕಪಕ್ಕದ ಮಕ್ಕಳು ತಂದುಕೊಡುವ ಕರಡುಗಳನ್ನು ಓದುತ್ತಾ ಬಂದಿದ್ದೇನೆ. ಗ್ರಾಮರಿನಲ್ಲಿ ಅವರಿಗೆ ನನ್ನ ಅಗತ್ಯವಿರುವುದಿಲ್ಲ. ಒಂದು ತಪ್ಪೂ ಸಿಗುವುದಿಲ್ಲ. ಬರೆದ ಮಗುವೂ ಸಿಗುವುದಿಲ್ಲ.

2024ರ ಬೇಸಿಗೆಯಲ್ಲಿ ನಮ್ಮ ಬಡಾವಣೆಯ ಬೋರ್‌ವೆಲ್‌ಗಳು ಬತ್ತಿ ಎಲ್ಲರೂ ಟ್ಯಾಂಕರ್‌ಗೆ ಕಾದು ಕೂತಿದ್ದಾಗ, ಪಕ್ಕದ ಅಪಾರ್ಟ್‌ಮೆಂಟಿನ ಹುಡುಗನೊಬ್ಬ ಬಿದಿರುಕೋಲಿಗೆ ಇಂಚಿನ ಗುರುತು ಹಾಕಿ ನೀರಿನ ಸಂಪಿನೊಳಗೆ ಇಳಿಬಿಡಲು ಶುರುಮಾಡಿದ. ಟ್ಯಾಂಕರ್ ಬರುವ ಮುಂಚೆ ಒಂದು ಅಳತೆ, ಖಾಲಿಯಾಗಿ ಹೋದ ಮೇಲೆ ಒಂದು. ನಡುವೆ ಯಾರೂ ಮೋಟಾರ್ ಹಾಕದಂತೆ ವಾಚ್‌ಮನ್‌ನನ್ನು ಸ್ವಿಚ್ ಹತ್ತಿರ ನಿಲ್ಲಿಸಿದ್ದ. ಬಿಲ್ಲಿನಲ್ಲಿ 12,000 ಲೀಟರ್. ಹತ್ತಡಿ ಉದ್ದ, ಎಂಟಡಿ ಅಗಲದ ಸಂಪಿನಲ್ಲಿ ನೀರು ಏರಿದ್ದು ನಾಲ್ಕೂವರೆ ಅಡಿ. ಅಂದರೆ ಹತ್ತು ಸಾವಿರ ಲೀಟರಿಗೆ ತುಸು ಹೆಚ್ಚು. ಡ್ರೈವರ್ ಜತೆ ಜಗಳವಾಯಿತು. ಅಸೋಸಿಯೇಷನ್ ಕಾರ್ಯದರ್ಶಿ ‘ಸುಮ್ನಿರಪ್ಪ, ನಾಳೆ ಇವ್ನೂ ಬರಲ್ಲ ಅಂದ್ರೆ ಏನ್ ಮಾಡೋದು’ ಎಂದರು. ಹುಡುಗ ಇದಷ್ಟನ್ನೂ ಬರೆದಿದ್ದ. ವಾಕ್ಯಗಳು ಮುಗ್ಗರಿಸುತ್ತಿದ್ದವು. ಕೋಲಿನ ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ಆಗಬಹುದೆಂಬ ಲೆಕ್ಕಕ್ಕೇ ಒಂದು ಪ್ಯಾರಾ ಹೋಗಿತ್ತು. ಯಾವ ಎಂಜಿನಿಯರಿಂಗ್ ಕಾಲೇಜಾದರೂ ಆ ಒಂದು ಪ್ಯಾರಾ ನೋಡಿ ಅವನನ್ನು ಕರೆದು ಸೀಟು ಕೊಡಬೇಕಿತ್ತು.

ಕನ್ಸಲ್ಟೆಂಟ್ ಕೈ ದಾಟಿ ಬಂದ ಕರಡಿನಲ್ಲಿ ಕೋಲು ಮಾಯವಾಗಿ ಅದರ ಜಾಗಕ್ಕೆ ಅಜ್ಜಿ ಬಂದಿದ್ದರು. ಬರಡು ಹಳ್ಳಿ, ತಲೆಯ ಮೇಲೆ ಕೊಡ, ಬಿರುಕುಬಿಟ್ಟ ಹಿಮ್ಮಡಿ, ಅಜ್ಜಿಯ ಕಣ್ಣಲ್ಲಿ ನೀರಿನ ಬೆಲೆ ಕಂಡುಕೊಂಡ ಮೊಮ್ಮಗ. ಆ ಅಜ್ಜಿ ನನಗೆ ಗೊತ್ತು. ಮೈಸೂರಿನ ಕುವೆಂಪುನಗರದವರು, ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಅವರು ಕೊಡ ಹಿಡಿದದ್ದೇನಾದರೂ ಇದ್ದರೆ ಅದು ಗೃಹಪ್ರವೇಶದ ದಿನ ಇರಬೇಕು. ಏನಪ್ಪಾ ಇದು ಎಂದು ಕೇಳಿದರೆ, ‘ಕೋಲಲ್ಲಿ ವಲ್ನರಬಿಲಿಟಿ ಇಲ್ವಂತೆ ಅಂಕಲ್’ ಅಂದ.

ಕನ್ಸಲ್ಟೆಂಟರನ್ನು ಬೈದು ಪ್ರಯೋಜನವಿಲ್ಲ. ಗಿರಾಕಿ ಕೇಳಿದ ಮಾಲನ್ನು ಅವರು ಒದಗಿಸುತ್ತಾರೆ, ಅಷ್ಟೆ. ಇಲ್ಲಿ ಗಿರಾಕಿ ಎಂದರೆ ಕಾಲೇಜು, ದುಡ್ಡು ಕೊಡುವವರು ಅಪ್ಪ-ಅಮ್ಮ. ಮೊದಲ ಸಾಲಿಗೆ ‘ಹುಕ್’, ನಡುವೆ ‘ಸ್ಟ್ರಗಲ್’, ಕೊನೆಗೆ ‘ಗ್ರೋತ್’. ಮೊದಲ ಭೇಟಿಯಲ್ಲೇ ‘ಮನೇಲಿ ಏನಾದ್ರೂ ಕಷ್ಟ ನೋಡಿದೀಯಾ?’ ಎಂಬ ಪ್ರಶ್ನೆ. ಕಷ್ಟ ಕಾಣದ ಮಕ್ಕಳು ತಪ್ಪಿತಸ್ಥರ ಹಾಗೆ ತಲೆತಗ್ಗಿಸುತ್ತಾರೆ. ಕಂಡವರ ಪಾಡು ಇನ್ನೂ ಕೆಟ್ಟದ್ದು. ಅಪ್ಪನ ಕುಡಿತ, ಅಮ್ಮನ ಕ್ಯಾನ್ಸರ್, ಮನೆಯೊಳಗೇ ದನಿಯೆತ್ತಿ ಆಡದ ಸಂಗತಿಗಳನ್ನು ಸಾವಿರಾರು ಮೈಲಿ ಆಚೆಯ, ಮುಖ ಕಾಣದ ಅಧಿಕಾರಿಗೆ ಸೊಗಸಾಗಿ ಜೋಡಿಸಿ ಒಪ್ಪಿಸಬೇಕು. ಅವರು ಕೆಲವು ನಿಮಿಷ ಓದಿ ಮುಂದಿನ ಅರ್ಜಿ ತೆರೆಯುತ್ತಾರೆ. ಸೀಟು ಸಿಗದಿದ್ದರೆ ಆ ಮಗು ಏನೆಂದು ತಿಳಿದುಕೊಳ್ಳಬೇಕು? ತನ್ನ ಅಮ್ಮನ ಕಾಯಿಲೆ ಸಾಕಾಗಲಿಲ್ಲವೆಂದೇ?

ಇಷ್ಟಕ್ಕೂ ಕಾಲೇಜಿಗೆ ಹುಡುಗರ ‘ವ್ಯಕ್ತಿತ್ವ’ ಯಾಕೆ ಬೇಕಾಯಿತು ಎಂದು ಹುಡುಕಿದರೆ ಸಿಗುವ ಇತಿಹಾಸ ಮುಜುಗರದ್ದು. 1920ರ ದಶಕದವರೆಗೆ ಹಾರ್ವರ್ಡ್ ಮುಖ್ಯವಾಗಿ ಪರೀಕ್ಷೆ ನೋಡಿ ಸೇರಿಸಿಕೊಳ್ಳುತ್ತಿತ್ತು. ಪರೀಕ್ಷೆಯಲ್ಲಿ ಯಹೂದಿ ವಲಸಿಗರ ಮಕ್ಕಳು ಮುಂದೆ ಬಂದರು. 1925ರ ಹೊತ್ತಿಗೆ ಹೊಸದಾಗಿ ಸೇರುವವರಲ್ಲಿ ಕಾಲು ಭಾಗಕ್ಕೂ ಹೆಚ್ಚು ಅವರೇ. ಅಧ್ಯಕ್ಷ ಲಾರೆನ್ಸ್ ಲೊವೆಲ್‌ಗೆ ಇದನ್ನು ಸಹಿಸಲಾಗಲಿಲ್ಲ. 1922ರಲ್ಲೇ ಅವರು ನೇರವಾಗಿ ಮಿತಿ ಹೇರಲು ಹೊರಟಾಗ ಅಧ್ಯಾಪಕರೇ ಅಡ್ಡ ಬಂದರು. 1926ರಲ್ಲಿ ಬೇರೆ ದಾರಿ ಸಿಕ್ಕಿತು: ಅಂಕದ ಜತೆಗೆ ‘ಚಾರಿತ್ರ್ಯ’ವನ್ನೂ ತೂಗುವುದು, ಅರ್ಜಿಯ ಜತೆ ಫೋಟೊ ಕೇಳುವುದು. ಯಹೂದಿ ವಿದ್ಯಾರ್ಥಿಗಳ ಪ್ರಮಾಣ ಇಳಿಯಿತು. ಸಮಾಜಶಾಸ್ತ್ರಜ್ಞ ಜೆರೋಮ್ ಕರಾಬೆಲ್ 2005ರ ‘ದಿ ಚೋಸನ್’ ಗ್ರಂಥದಲ್ಲಿ ಈ ಕಥೆಯನ್ನು ದಾಖಲೆ ಸಮೇತ ಬಿಡಿಸಿಟ್ಟಿದ್ದಾರೆ. ಹೆಚ್ಚುಕಡಿಮೆ ಒಂದು ಶತಮಾನ ಕಳೆದು, ಅದೇ ಹಾರ್ವರ್ಡ್ ಮೇಲೆ ಹೂಡಿದ ಮೊಕದ್ದಮೆಯಲ್ಲಿ, ಏಷ್ಯನ್ ಮೂಲದವರಿಗೆ ‘ಪರ್ಸನಲ್ ರೇಟಿಂಗ್’ ಸರಾಸರಿಯಲ್ಲಿ ಕಡಿಮೆ ಬೀಳುತ್ತಿದ್ದುದು ಬಯಲಿಗೆ ಬಂತು. 2019ರಲ್ಲಿ ಕೆಳ ನ್ಯಾಯಾಲಯ ಇದರಲ್ಲಿ ಬೇಕೆಂದೇ ಮಾಡಿದ ತಾರತಮ್ಯ ಕಾಣಲಿಲ್ಲ, ಸರಿ. ಆದರೆ ನ್ಯೂಜೆರ್ಸಿಯ ಕನ್ನಡ ಮನೆಯೊಂದರಲ್ಲಿ ‘ಭರತನಾಟ್ಯ ಬೇಡ, ಸ್ಪೆಲಿಂಗ್ ಬೀ ಬೇಡ, ಇಂಡಿಯನ್ ಅಂತ ಅನ್ನಿಸೋ ಏನೂ ಬೇಡ’ ಎಂದು ತಾಯಿಯೊಬ್ಬರು ಮಗಳಿಗೆ ಬುದ್ಧಿ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

2023ರ ಜೂನ್ 29ರಂದು ಅದೇ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ರವೇಶಕ್ಕೆ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ಹೊಡೆದುಹಾಕಿತು. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಒಂದು ಕಿಂಡಿ ಬಿಟ್ಟರು: ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತೆಂದು ವಿದ್ಯಾರ್ಥಿಯೇ ಬರೆದರೆ ಕಾಲೇಜು ಅದನ್ನು ಗಮನಿಸಬಹುದು, ಆದರೆ ಪ್ರಬಂಧವನ್ನು ಹಿಂಬಾಗಿಲು ಮಾಡಿಕೊಳ್ಳಬಾರದು. ಭಿನ್ನಮತ ಬರೆದ ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಈ ಕಿಂಡಿಯನ್ನು ಬರಿಯ ಮೇಲುಬಣ್ಣವೆಂದು ಗೇಲಿ ಮಾಡಿದರು. ಕಾಲೇಜುಗಳು ಪ್ರಶ್ನೆಗಳನ್ನು ತಿದ್ದಿಕೊಂಡವು. ಸಾರಾ ಲಾರೆನ್ಸ್ ಕಾಲೇಜಂತೂ ತೀರ್ಪಿನ ಸಾಲನ್ನೇ ಎತ್ತಿ ಪ್ರಶ್ನೆಯಾಗಿಸಿತು. 2025ರ ಜುಲೈನಲ್ಲಿ ಟ್ರಂಪ್ ಆಡಳಿತದ ನ್ಯಾಯ ಇಲಾಖೆ, ‘ಎದುರಿಸಿದ ಅಡೆತಡೆ’ಗಳ ಬಗ್ಗೆ ಬರೆಸುವುದೂ ಕಾನೂನುಬಾಹಿರ ಅಡ್ಡದಾರಿ ಆಗಬಹುದೆಂದು ಎಚ್ಚರಿಸಿತು. ಕಪ್ಪು ಹುಡುಗಿಯೊಬ್ಬಳಿಗೆ ನಕ್ಷತ್ರಗಳ ಬಗ್ಗೆ ಬರೆಯುವ ಆಸೆಯಿದ್ದರೂ ಮೈಬಣ್ಣದ ಬಗ್ಗೆ ಬರೆಯದಿದ್ದರೆ ನಷ್ಟ; ಬರೆದರೆ ಸರ್ಕಾರದ ಕಣ್ಣು. ದೇಶವೊಂದು ತನ್ನ ಶತಮಾನಗಳ ಲೆಕ್ಕವನ್ನು ತಾನು ತೀರಿಸಲಾರದೆ ಹದಿನೇಳು ವರ್ಷದ ಮಗುವಿನ ಹೆಗಲಿಗೆ ದಾಟಿಸಿರುವ ಪರಿ ಇದು. ಸಾಮಾಜಿಕ ನ್ಯಾಯ ಬೇಕೆಂದರೆ ಎದೆತಟ್ಟಿ ಮಾಡಬೇಕು. ಹಾರ್ವರ್ಡ್ ‘ಚಾರಿತ್ರ್ಯ’ದ ಮರೆ ಹುಡುಕುವುದಕ್ಕೂ ಮೊದಲೇ, 1918ರಲ್ಲಿ, ನಮ್ಮ ಮೈಸೂರು ಸಂಸ್ಥಾನ ಹಿಂದುಳಿದವರಿಗಾಗಿ ಮಿಲ್ಲರ್ ಸಮಿತಿ ನೇಮಿಸಿತ್ತು, ಆಮೇಲೆ ಹಾವನೂರು ಆಯೋಗ ಬಂತು. ನಾವು ಜಗಳವಾಡಿದ್ದೇವೆ, ಕೋರ್ಟಿಗೆ ಹೋಗಿದ್ದೇವೆ, ಬಸ್ಸಿಗೆ ಕಲ್ಲನ್ನೂ ಹೊಡೆದಿದ್ದೇವೆ. ಆದರೆ ನಿನ್ನ ಜಾತಿಯಿಂದ ಪಟ್ಟ ಅವಮಾನವನ್ನು ಮನಮುಟ್ಟುವಂತೆ ಬರೆದರೆ ಮಾತ್ರ ಸೀಟು ಎಂದು ಯಾವ ಮಗುವಿಗೂ ಹೇಳಿಲ್ಲ.

ಪ್ರಬಂಧದ ಪರವಾಗಿ ಒಂದು ಗಟ್ಟಿ ವಾದವಿದೆ. ಅಂಕಪಟ್ಟಿಗೆ ಬಾಯಿಲ್ಲ, ದುಡಿಯುತ್ತ, ತಮ್ಮ-ತಂಗಿಯರನ್ನು ನೋಡಿಕೊಳ್ಳುತ್ತ ಓದಿದ ಮಗು ತನ್ನ ಮಾತು ಹೇಳಲು ಇದೊಂದೇ ಜಾಗ, ಎನ್ನುತ್ತಾರೆ. ನಿಜವಾಗಿದ್ದರೆ ಚೆನ್ನಾಗಿತ್ತು. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು, 2016ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ 60,000 ಮಂದಿಯ 2,40,000 ಪ್ರಬಂಧಗಳನ್ನು ಕಂಪ್ಯೂಟರಿನಿಂದ ಓದಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಮನೆಯ ಆದಾಯಕ್ಕೂ ಸ್ಯಾಟ್ ಎಂಬ ಪ್ರವೇಶ ಪರೀಕ್ಷೆಯ ಅಂಕಕ್ಕೂ ಎಷ್ಟು ನಂಟಿದೆಯೋ, ಆದಾಯಕ್ಕೂ ಪ್ರಬಂಧದ ವಸ್ತುವಿಗೂ ಅದಕ್ಕಿಂತ ಹೆಚ್ಚಿನ ನಂಟು ಕಂಡಿತು. ಹಣವಂತರ ಪರ ವಾಲುತ್ತದೆಂದು ದಶಕಗಳಿಂದ ಬೈಸಿಕೊಂಡ ಪರೀಕ್ಷೆಗಿಂತ ಪ್ರಬಂಧದಲ್ಲೇ ಮನೆಯ ವರಮಾನ ಹೆಚ್ಚು ಎದ್ದು ಕಾಣುತ್ತದೆ ಎಂದಾಯಿತು. ಕಷ್ಟದ ವಿವರ ಬೇಕಿದ್ದರೆ ಅರ್ಜಿಯಲ್ಲೇ ಸೀದಾ ಕೇಳಲಿ: ವಾರಕ್ಕೆ ಎಷ್ಟು ಗಂಟೆ ಕೆಲಸ, ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತುವವರು ನೀವೇನಾ, ಶಾಲೆಯಲ್ಲಿ ಫಿಸಿಕ್ಸ್ ಮೇಷ್ಟ್ರು ಇದ್ದರಾ. ಇದಕ್ಕೆ ಉತ್ತರಿಸಲು ಉಪಮೆ, ರೂಪಕ ಯಾವುದೂ ಬೇಡ.

ಈಗ ಚಾಟ್‌ಜಿಪಿಟಿ ಬಂದು ಮಿಕ್ಕ ಮಾನವನ್ನೂ ತೆಗೆದಿದೆ. ಎಐ ಬರೆದುಕೊಟ್ಟದ್ದನ್ನು ತನ್ನದೆಂದು ಕಳಿಸಿದರೆ ವಂಚನೆ ಎನ್ನುತ್ತದೆ ಕಾಮನ್ ಆ್ಯಪ್. ಕನ್ಸಲ್ಟೆಂಟ್ ಲಕ್ಷದ ಲೆಕ್ಕದಲ್ಲಿ ದುಡ್ಡು ತೆಗೆದುಕೊಂಡು ಸಾಲುಸಾಲಾಗಿ ‘ಗೈಡ್’ ಮಾಡಿದರೆ ಮಾತ್ರ ಅದು ಮಾರ್ಗದರ್ಶನವಂತೆ. ಡ್ಯೂಕ್ ವಿಶ್ವವಿದ್ಯಾಲಯ ತುಸು ಪ್ರಾಮಾಣಿಕ. ಎಐ ಮತ್ತು ಕನ್ಸಲ್ಟೆಂಟರ ಹಾವಳಿಯಿಂದಾಗಿ ಪ್ರಬಂಧಕ್ಕೆ ಅಂಕ ಕೊಡುವುದನ್ನೇ ಬಿಟ್ಟಿದ್ದೇವೆಂದು 2024ರಲ್ಲಿ ಹೇಳಿತು. ಅಂಕ ಕೊಡಲಾಗದ್ದನ್ನು ಕೇಳುವುದು ಯಾಕೆ ಎನ್ನುವುದಕ್ಕೆ ಉತ್ತರವಿಲ್ಲ. ಇನ್ನೊಂದು ವಿಪರ್ಯಾಸ ನೋಡಿ. 2005ರಲ್ಲಿ ಸ್ಯಾಟ್ ಪರೀಕ್ಷೆಗೇ ಒಂದು ಪ್ರಬಂಧ ಸೇರಿತ್ತು. ಹಾಲ್‌ನಲ್ಲಿ ಕೂತು, ಗಡಿಯಾರ ನೋಡಿಕೊಂಡು ಬರೆಯಬೇಕಿತ್ತು. ಮೊದಲು ಅದನ್ನು ಐಚ್ಛಿಕ ಮಾಡಿ, 2021ರಲ್ಲಿ ತೆಗೆದೇಹಾಕಿದರು. ಮಗುವೇ ಬರೆದದ್ದು ಎಂದು ಗಟ್ಟಿಯಾಗಿ ಹೇಳಬಹುದಾಗಿದ್ದ ಪ್ರಬಂಧ ಅದು.

ಬದಲಿ ದಾರಿ ಇಲ್ಲವೆಂದಲ್ಲ. ಪ್ರಿನ್ಸ್‌ಟನ್, ಉಳಿದ ಪ್ರಬಂಧಗಳ ಜತೆಗೆ, ತರಗತಿಗಾಗಿ ಬರೆದು ಮೇಷ್ಟ್ರು ತಿದ್ದಿ ಗ್ರೇಡ್ ಕೊಟ್ಟ ಒಂದು ಬರಹವನ್ನೂ ಕೇಳುತ್ತದೆ. ಅಂಚಿನಲ್ಲಿ ಕೆಂಪು ಶಾಯಿ, ‘ಇದಕ್ಕೆ ಆಧಾರ ಎಲ್ಲಿ?’ ಎಂಬ ಟಿಪ್ಪಣಿ, ಹತ್ತಕ್ಕೆ ಆರೂವರೆ. ನನಗೆ ಅದೊಂದೇ ಸಾಕು. ಮಗು ಹೇಗೆ ಯೋಚಿಸುತ್ತದೆ, ಎಲ್ಲಿ ಎಡವುತ್ತದೆ ಎರಡೂ ಅಲ್ಲಿ ಕಾಣುತ್ತವೆ. ಬ್ರಿಟನ್ನಿನ ಪ್ರವೇಶ ಸಂಸ್ಥೆ ಯುಕಾಸ್ ಕೂಡ 2026ರ ಪ್ರವೇಶದಿಂದ ಆತ್ಮನಿವೇದನೆಯ ಉದ್ದ ಬರಹ ಕೈಬಿಟ್ಟು, ಈ ವಿಷಯ ಯಾಕೆ, ಓದು ಹೇಗೆ ಸಿದ್ಧಗೊಳಿಸಿದೆ, ಓದಿನ ಹೊರಗೆ ಏನು ಮಾಡಿದ್ದೀರಿ ಎಂಬ ಮೂರು ಪ್ರಶ್ನೆಗಳಿಗೆ ಇಳಿದಿದೆ. ಅವುಗಳಿಗೂ ಉತ್ತರ ಬರೆದುಕೊಡುವವರು ಹುಟ್ಟಿಕೊಳ್ಳುತ್ತಾರೆ, ನಿಜ. ಆದರೆ ಅಜ್ಜಿಯನ್ನು ಎಳೆದು ತರುವ ಅಗತ್ಯ ಅಷ್ಟಾಗಿ ಬೀಳದು. ಮೇಷ್ಟ್ರು ಕೆಂಪು ಶಾಯಿಯಲ್ಲಿ ಹಾಗೆ ತಿದ್ದಿದ ಬರಹ ನಮ್ಮ ಶಾಲೆಗಳಲ್ಲಿ ಎಲ್ಲಿದೆ ಎಂದು ನೀವು ಕೇಳಿದರೆ ತಲೆಬಾಗುತ್ತೇನೆ. ಪಿಯುಸಿಯ ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕವನ್ನೇ ಸೀನಿಯರ್ ಹತ್ತಿರ ಇಸಕೊಂಡು ಇಳಿಸುವ ಊರು ನಮ್ಮದು. ಕಾಲೇಜುಗಳು ಕೇಳಲು ಶುರುಮಾಡಿದರೆ ಶಾಲೆಗಳು ಬರೆಸಲು ಶುರುಮಾಡುತ್ತವೆ.

ಇದು ಅಮೆರಿಕದ ಜಗಳ, ನಮಗೇನು ಎನ್ನುವಂತಿಲ್ಲ. 2023-24ರಲ್ಲಿ ಅಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602. ಪದವಿ ಮಟ್ಟದವರು ಅದರಲ್ಲಿ ಒಂದು ಸಣ್ಣ ಭಾಗವಾದರೂ, ಎಂಎಸ್‌ಗೆ ಹೋಗುವವರು ‘ಎಸ್‌ಒಪಿ’ (ಸ್ಟೇಟ್‌ಮೆಂಟ್ ಆಫ್ ಪರ್ಪಸ್) ಎಂಬ ಇದರ ಒಣ ತಮ್ಮನನ್ನು ಬರೆದೇ ಹೋಗಿರುತ್ತಾರೆ, ಅದೂ ಬಹುತೇಕ ಯಾವುದೋ ಸೀನಿಯರ್‌ನ ಫೈಲಿನಲ್ಲಿ ಹೆಸರು ಬದಲಿಸಿ. ಈಗ ನಮ್ಮಲ್ಲಿನ ಕೆಲವು ದುಬಾರಿ ಖಾಸಗಿ ವಿಶ್ವವಿದ್ಯಾಲಯಗಳೂ ಅರ್ಜಿಯಲ್ಲಿ ‘ನಿಮ್ಮನ್ನು ರೂಪಿಸಿದ ಅನುಭವ’ ಕೇಳತೊಡಗಿವೆ. ಹಾಗೆಂದು 1994ರಲ್ಲಿ ಶುರುವಾದ ನಮ್ಮ ಸಿಇಟಿಯನ್ನು ಹೊಗಳುವವನು ನಾನಲ್ಲ. ಕೋಚಿಂಗ್ ಅಂಗಡಿಗಳನ್ನು ಬೆಳೆಸಿದ್ದೂ ಅದೇ, ಬರೆಯಲು ಬಾರದ ಎಂಜಿನಿಯರುಗಳ ಒಂದು ಪೀಳಿಗೆಯನ್ನು ಕೊಟ್ಟಿದ್ದರಲ್ಲೂ ಅದರ ಪಾಲಿದೆ. ಬರವಣಿಗೆ ನೋಡಲೇಬೇಕೆಂದು ಈ ವಿಶ್ವವಿದ್ಯಾಲಯಗಳಿಗೆ ಅನ್ನಿಸಿದ್ದರೆ ಸಂತೋಷ. ಕಲಬುರಗಿ, ಮಂಗಳೂರು, ಹಾಸನ, ಎಲ್ಲಾದರೂ ಸರಿ, ಒಂದು ಹಾಲ್ ಬಾಡಿಗೆಗೆ ಹಿಡಿಯಲಿ. ಫೋನು ಹೊರಗಿಡಿಸಿ, ಎರಡು ಗಂಟೆ ಸಮಯ ಕೊಟ್ಟು, ಎರಡು ಪುಟದ ಒಂದು ವಾದ ಓದಿಸಿ, ಒಪ್ಪುತ್ತೀರಾ ಇಲ್ಲವಾ, ಯಾಕೆ ಎಂದು ಬರೆಸಲಿ. ಇಂಗ್ಲಿಷಿನಲ್ಲಾದರೂ ಸರಿ, ಕನ್ನಡದಲ್ಲಾದರೂ ಸರಿ. ತಿದ್ದಲು ಕನ್ನಡ ಬಲ್ಲ ಮೇಷ್ಟ್ರುಗಳು ಸಿಗುವುದಿಲ್ಲವೆಂದರೆ ನನ್ನಂಥ ರಿಟೈರ್ ಆದವರು ಜಿಲ್ಲೆಗೆ ನೂರು ಜನ ಖಾಲಿ ಕೂತಿದ್ದೇವೆ.