ಗೌರವ ಬೇಡುವ ಮುನ್ನ

ಧಾರವಾಡದ ಮಾಳಮಡ್ಡಿಯ ಹಿರಿಯರೇ, ಮಾಸ್ತರರೇ, ದೂರದೂರಲ್ಲಿ ನೌಕರಿ ಹಿಡಿದ ಮಕ್ಕಳೇ, ಒಂದಿಷ್ಟು ನಿಂತು ಕೇಳಿ.

ನಮ್ಮ ಓಣಿಗಳಲ್ಲಿ ಪಿಂಚಣಿದಾರರ ಮನೆ ಬಹಳ. ಪಡಸಾಲೆಯಲ್ಲಿ ತೂಗುಮಂಚ, ಗೋಡೆಯ ಮೇಲೆ ಮಗನ ಪದವಿಯ ಫೋಟೋ. ತಿಂಗಳಿಗೊಮ್ಮೆ ಖಾತೆಗೆ ದುಡ್ಡು ಬೀಳುತ್ತದೆ. ದವಾಖಾನೆಗೆ ಕರೆದೊಯ್ಯಲು ಮಾತ್ರ ಪಕ್ಕದ ಮನೆಯ ಹುಡುಗನೇ ಬರಬೇಕು. ಹೆತ್ತವರಿಗೆ ಅನ್ನ ಹಾಕಿದರಷ್ಟೇ ಸಾಲದು, ಆದರ ಬೇಕು ಎಂದು ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಚೀನಾದ ಗುರು ಕನ್‌ಫ್ಯೂಷಿಯಸ್ ಶಿಷ್ಯರಿಗೆ ಹೇಳಿದ್ದ. ಮಕ್ಕಳು ಆಗಾಗ ಹೋಗಿ ಹೆತ್ತವರನ್ನು ಕಾಣಬೇಕೆಂಬ ಕಾನೂನನ್ನು ಅದೇ ಚೀನಾ 2013ರಲ್ಲಿ ಜಾರಿಗೆ ತರಬೇಕಾಯಿತು. ನಮ್ಮಲ್ಲೂ ಹೆತ್ತವರ ಪಾಲನೆಗೆ 2007ರ ಕಾಯ್ದೆಯಿದೆ. ಹೆತ್ತವ್ವ ಜೀವನಾಂಶಕ್ಕಾಗಿ ಉಪವಿಭಾಗಾಧಿಕಾರಿ (ಎ.ಸಿ.) ಕಚೇರಿಯ ಮೆಟ್ಟಿಲು ಹತ್ತುವುದು ಎಂಥ ನಾಚಿಕೆಗೇಡು!

ಆದರೆ ಹಿರಿಯರೇ, ಆ ಗುರುವಿನ ಹೆಸರಿನಲ್ಲಿ ಮಕ್ಕಳ ಬಾಯಿ ಮುಚ್ಚಿಸಬೇಡಿ. ತಂದೆ ತಪ್ಪಿದರೆ ಮಗ ವಿನಯದಿಂದಲೇ ತಿಳಿಹೇಳಬೇಕು ಎಂದವನೂ ಅವನೇ. ಹುಟ್ಟು ನೋಡಿ ಪಾಠ ಹೇಳಲಿಲ್ಲ ಅವನು. ಹೆಣ್ಣುಮಕ್ಕಳನ್ನು ಮಾತ್ರ ಅವನ ಪರಂಪರೆ ಹೊರಗಿಟ್ಟಿತು, ಅದನ್ನು ನಾವು ಒಪ್ಪಬೇಕಿಲ್ಲ. ನಮ್ಮ ಧಾರವಾಡದಲ್ಲೇ 1928ರಲ್ಲಿ ಭಾಗೀರಥಿಬಾಯಿ ಪುರಾಣಿಕರು ವನಿತಾ ಸೇವಾ ಸಮಾಜ ಕಟ್ಟಿ, ಮೂಲೆ ಸೇರಿದ್ದ ವಿಧವೆಯರಿಗೆ ಅಕ್ಷರದ ದಾರಿ ತೋರಿದರು. ಹಿರಿಯರು ಹೇಳಿದ್ದೇ ಸರಿ ಎಂದು ತಲೆಬಾಗಿ ಕೂತಿದ್ದರೆ ಇದು ಆಗುತ್ತಿತ್ತೇ?

ಇನ್ನು ಓದಿನ ಮಾತು. ಕನ್‌ಫ್ಯೂಷಿಯಸ್‌ನ ವಿಚಾರಗಳನ್ನೇ ಚೀನಾ ಸರಕಾರಿ ನೌಕರಿಯ ಪರೀಕ್ಷೆಗೆ ಪಠ್ಯ ಮಾಡಿತು, ಶತಮಾನಗಳ ಕಾಲ ಜನ ಬಾಯಿಪಾಠ ಹೊಡೆದರು. 1905ರಲ್ಲಿ ಆ ಪರೀಕ್ಷೆಯೇ ರದ್ದಾಯಿತು. ಆದರೆ ನೌಕರಿ ಪರೀಕ್ಷೆಯ ಓಟ ನಮ್ಮಲ್ಲಿ ನಿಂತಿಲ್ಲ, ಇಂದು ನಮ್ಮ ಸ್ಟೇಷನ್ನಿನಲ್ಲಿ ಬ್ಯಾಗು ಹೊತ್ತು ಇಳಿಯುವ ಹುಡುಗರು ನೇರ ಸಪ್ತಾಪುರದ ಕೋಚಿಂಗ್ ಕ್ಲಾಸುಗಳಿಗೆ ನಡೆಯುತ್ತಾರೆ. ಅವರಿಗೆ ನೌಕರಿ ಸಿಗಲಿ. ಅವರ ಮನೆಯವರು ಹೊಲ ಒತ್ತೆಯಿಟ್ಟು ಕಳಿಸಿರುತ್ತಾರೆ. ಆದರೆ ನಾಳೆ ಅವರ ಟೇಬಲ್ಲಿನ ಮುಂದೆ ಅರ್ಜಿ ಹಿಡಿದು ನಿಂತ ಮುದುಕಿಗೆ ‘ಕೂಡ್ರಿ ಅವ್ವಾ’ ಅನ್ನುವುದನ್ನು ಯಾವ ಕ್ಲಾಸಿನಲ್ಲಿ ಕಲಿಸುತ್ತಿದ್ದೇವೆ?

ಮಾಸ್ತರರೇ, ಈ ಸೆಪ್ಟೆಂಬರ್ 5ರ ಶಿಕ್ಷಕರ ದಿನಕ್ಕೆ ಹಾರ, ಶಾಲು ಬೇಡವೆನ್ನಿ. ವಾರದಿಂದ ಸಾಲಿಗೆ ಬಾರದ ಹುಡುಗನ ಮನೆಗೆ ಹೋಗಿ, ಅವನ ಅವ್ವನ ಎದುರು ಕೂತು ಕಾರಣ ಕೇಳಿ. ದೂರದ ಮಕ್ಕಳೇ, ಫೋನಿನಲ್ಲಿ ‘ಬರ್ತೀನಿ’ ಅಂದದ್ದು ಸಾಕು, ರೈಲಿನ ಟಿಕೀಟು ಇವತ್ತೇ ತೆಗೆಸಿ.