ಕಿಟ್ ಯಾಕೆ, ಲೋಟ ಇದೆಯಲ್ಲ!

ಶಾಲೆಗೆ ಹೋಗಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡೋಣ ಅಂದ ಕೂಡಲೇ ನಾವು ಇಂಜಿನಿಯರಿಂಗ್‌ನೋರು ಮೊದಲು ಮಾಡೋ ಕೆಲಸ, ಆನ್‌ಲೈನ್‌ನಲ್ಲಿ ಕಿಟ್ ಹುಡುಕೋದು. ಶಬ್ದದ ಪಾಠಕ್ಕಾದ್ರೂ ಅದು ಬೇಡ ಅಂತ ನಮ್ಮ ಅಭಿಪ್ರಾಯ. ನಾಲ್ಕು ಗಾಜಿನ ಲೋಟ, ಒಂದು ಚಮಚ, ಒಂದು ಖಾಲಿ ಬಾಟಲಿ, ಒಂದು ಜಗ್ ನೀರು ಸಾಕು.

ಒಂದೇ ಥರದ ಲೋಟಗಳಿಗೆ ಬೇರೆ ಬೇರೆ ಮಟ್ಟಕ್ಕೆ ನೀರು ಹಾಕಿ ಚಮಚದಿಂದ ಮೆಲ್ಲಗೆ ತಟ್ಟಿ. ನೀರು ಹೆಚ್ಚಿರುವ ಲೋಟದ ಸ್ವರ ತಗ್ಗಿರುತ್ತೆ. ಈಗ ಬಾಟಲಿಗೆ ಸ್ವಲ್ಪ ಸ್ವಲ್ಪವೇ ನೀರು ಹಾಕುತ್ತಾ ಅದರ ಬಾಯಿಗೆ ಅಡ್ಡಲಾಗಿ ಊದಿ. ಇಲ್ಲಿ ನೀರು ಹೆಚ್ಚಿದಷ್ಟೂ ಸ್ವರ ಏರುತ್ತೆ! ಅದೇ ನೀರು, ಉಲ್ಟಾ ಫಲಿತಾಂಶ. ತಟ್ಟಿದಾಗ ಕಂಪಿಸೋದು ಗಾಜು. ನೀರಿನ ಭಾರ ಅದನ್ನು ನಿಧಾನ ಮಾಡುತ್ತೆ. ಊದಿದಾಗ ಕಂಪಿಸೋದು ಒಳಗಿನ ಗಾಳಿ. ಅದಕ್ಕೆ ಜಾಗ ಕಮ್ಮಿಯಾದಷ್ಟೂ ಕಂಪನ ವೇಗವಾಗುತ್ತೆ. ಇದನ್ನ ನೋಡಿದ ಮಗು "ಯಾಕೆ?" ಅಂತ ತಾನೇ ಕೇಳುತ್ತೆ.

ಇದೆಲ್ಲ ಬರೀ ಆಟ ಅಂತ ಮೂಗು ಮುರಿಯೋದು ಬೇಡ. ಕಛೇರಿಯಲ್ಲಿ ನುಡಿಸೋ ಜಲತರಂಗ ಅಂದ್ರೆ ನೀರು ತುಂಬಿದ ಪಿಂಗಾಣಿ ಬಟ್ಟಲುಗಳೇ. ಘಟ ನಮ್ಮ ಮಣ್ಣಿನ ಮಡಕೆಯ ನೆಂಟ. ತತ್ವಪದ ಹಾಡುವವರ ಏಕತಾರಿಗೆ ಸೋರೆ ಬುರುಡೆ ಸಾಕಾಗುತ್ತೆ.

ಕಿಟ್‌ನಲ್ಲಿ ಸ್ವರ ಸರಿಯಾಗಿ ಬರುತ್ತೆ, ನಿಜ. ಆದ್ರೆ ಶ್ರುತಿ ಸೇರಿಸೋ ಕೆಲಸ ಫ್ಯಾಕ್ಟರಿಯಲ್ಲೇ ಮುಗಿದಿರುತ್ತೆ. ಒಂದು ಚಮಚ ನೀರು ಹಾಕಿ ಕೇಳೋದು, ಅರ್ಧ ಚಮಚ ತೆಗೆದು ಮತ್ತೆ ಕೇಳೋದು, ಕಲಿಕೆ ಇರೋದೇ ಅಲ್ಲಿ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ನಮ್ಮಲ್ಲಿ ಎಷ್ಟೋ ಜನರಿಗೆ ಫ್ರೀಕ್ವೆನ್ಸಿ ಮೊದಲು ಸಿಕ್ಕಿದ್ದು ಫಾರ್ಮುಲಾದಲ್ಲಿ, ಕಿವಿಯಲ್ಲಲ್ಲ. ಈ ಮಕ್ಕಳಿಗೆ ಮೊದಲು ಕಿವಿಗೇ ಸಿಗಲಿ, ಅದೂ ಕನ್ನಡದಲ್ಲಿ.

ಇನ್ನೊಂದು ವಿಷಯ. ನಾವು ಶಾಲೆಗೆ ಹೋಗೋದು ಸೆಮಿಸ್ಟರ್‌ಗೆ ಒಂದೆರಡು ದಿನ. ಆಮೇಲೆ ಕಿಟ್ ಬೀರು ಸೇರಿ ಬೀಗ ಬಿದ್ರೆ ಅದರ ಕಥೆ ಮುಗೀತು. ಲೋಟ, ಬಾಟಲಿ ಹಾಗಲ್ಲ, ಮಗುವಿನ ಮನೇಲೇ ಇರುತ್ತೆ. ಸಂಜೆ ತಂಗಿಗೆ ತೋರಿಸಬಹುದು, ಅಮ್ಮನ ಹತ್ರ ಬೈಸಿಕೊಳ್ಳಲೂಬಹುದು! ತೀರಾ ಚಿಕ್ಕವರಾದ್ರೆ ಗಾಜಿನ ಬದಲು ಸ್ಟೀಲ್ ಲೋಟ ಕೊಡಿ.

ಆದ್ದರಿಂದ ಮುಂದಿನ ಸಲ ಕಿಟ್‌ಗೆ ಚಂದಾ ಎತ್ತೋ ಮುಂಚೆ ಹಾಸ್ಟೆಲ್ ಮೆಸ್‌ನಲ್ಲಿ ನಾಲ್ಕು ಲೋಟ ಕೇಳಿ ನೋಡೋಣ. ಏನಂತೀರಿ?